ಶ್ರಮದಾನಿ ಲಕ್ಷಣ ನಿರ್ಣಯ

ಆನೆಗೆ ಶಾಸ್ತ್ರವುಂಟು, ಕುದುರೆಗೆ ಶಾಸ್ತ್ರವುಂಟು, ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂಬುದಕ್ಕೂ ಪಂಚಾಂಗದ ಕೊನೆಯ ಪುಟಗಳಲ್ಲಿ ಶಾಸ್ತ್ರವುಂಟು. ಬಡವರ ಮನೆ ಏಳಲಿ ಎಂದು ವರ್ಷವಿಡೀ ಬಿಟ್ಟಿ ದುಡಿಯುವ ಮನುಷ್ಯನಿಗೆ ಮಾತ್ರ ಯಾವ ಋಷಿಯೂ ಲಕ್ಷಣ ಬರೆದಿಟ್ಟಿಲ್ಲ. ಆ ಕೊರತೆ ತುಂಬಲು ಹೊರಟ ಈ ಗ್ರಂಥದ ವ್ಯಾಪ್ತಿ: ತೆಂಕಲಲ್ಲಿ ಬ್ರಹ್ಮಾವರ, ನಡುವೆ ಕುಂದಾಪುರ, ಬಡಗಲಲ್ಲಿ ಬೈಂದೂರು ದಾಟಿ ಶಿರೂರಿನವರೆಗೆ, ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟ. 2018ರ ತನಕ ಬೈಂದೂರು ಕುಂದಾಪುರ ತಾಲೂಕಿನ ಹೊಟ್ಟೆಯಲ್ಲೂ ಬ್ರಹ್ಮಾವರ ಉಡುಪಿಯ ಹೊಟ್ಟೆಯಲ್ಲೂ ಇದ್ದವು. ಈಗ ಇಬ್ಬರಿಗೂ ಸ್ವಂತ ತಹಶೀಲ್ದಾರರಿದ್ದಾರೆ. ಆದರೆ ಮೂರೂ ಕಡೆ ಮಳೆ ಒಂದೇ, ಕಲ್ಲು ಒಂದೇ, ಅರ್ಜಿ ನಮೂನೆಯೂ ಒಂದೇ. ಒಂದು ಶಾಸ್ತ್ರ ಧಾರಾಳ ಸಾಕು.

ಕಾಲ ಪ್ರಕರಣ

‘ಒಂದು ವರ್ಷ ಸೇವೆ ಮಾಡಿದೆ’ ಎನ್ನುವವನನ್ನು ಮೊದಲು ಕೇಳಬೇಕಾದದ್ದು, ಯಾವ ವರ್ಷ ಸ್ವಾಮಿ ಎಂದು. ಈ ಸೀಮೆಯಲ್ಲಿ ವರ್ಷಗಳು ಹಲವು.

ಒಂದು ಕಾಲೇಜು ವರ್ಷ. ಗಾಂಧಿ ಶತಾಬ್ದಿಯ ಹೊತ್ತಿಗೆ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್ನೆಸ್ಸೆಸ್ ತನ್ನ ಸ್ವಯಂಸೇವಕನಿಂದ ಎರಡು ವರ್ಷಕ್ಕೆ 240 ಗಂಟೆ ಕೇಳುತ್ತದೆ. ಅಂದರೆ ವರ್ಷಕ್ಕೆ 120 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿದರೆ 15 ದಿನ. ಇದರಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಧನ್ಯವಾದ ಮತ್ತು ಅವಲಕ್ಕಿ-ಚಾ ಕಳೆದು ಉಳಿದದ್ದನ್ನು ಲೆಕ್ಕ ಹಾಕುವುದು ಸಜ್ಜನರ ಲಕ್ಷಣವಲ್ಲ.

ಎರಡನೆಯದು ಪ್ರಗತಿಬಂಧು ವರ್ಷ. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಸಣ್ಣ ರೈತರನ್ನು ಐದರಿಂದ ಎಂಟು ಜನರ ತಂಡ ಕಟ್ಟಿಸಿ, ವಾರಕ್ಕೊಂದು ದಿನ ಸರದಿಯಲ್ಲಿ ಒಬ್ಬೊಬ್ಬರ ಜಾಗದಲ್ಲಿ ಎಲ್ಲರೂ ದುಡಿಯುವ ಪದ್ಧತಿ ತಂದಿತು. ವಾರಕ್ಕೊಂದು ಎಂದರೆ 52 ದಿನ. ಹಳೆಯ ಮುಯ್ಯಾಳಿಗೆ ಹಾಜರಿ ಪುಸ್ತಕ ಕೊಟ್ಟ ಹಾಗೆ. ಮುಳಿಹುಲ್ಲಿನ ಮಾಡು ಇದ್ದ ಕಾಲದಲ್ಲಿ ಮಳೆ ಹಿಡಿಯುವ ಮುಂಚೆ ಕೇರಿಯವರೆಲ್ಲ ಸೇರಿ ಮನೆ ಹೊದಿಸುತ್ತಿದ್ದದ್ದೂ ಇದೇ ಲೆಕ್ಕ. ಅದನ್ನು ಯಾರೂ ಸೇವೆ ಎನ್ನುತ್ತಿರಲಿಲ್ಲ. ತಪ್ಪಿಸಿಕೊಂಡವನ ಮನೆ ಮಾತ್ರ ಮುಂದಿನ ವರ್ಷ ಸೋರುತ್ತಿತ್ತು.

ಮೂರನೆಯದು ಅಮೆರಿಕದ ವರ್ಷ. ಅಲ್ಲಿನ ಅಮೆರಿಕೋರ್ ಎಂಬ ಸೇವಾದಳದಲ್ಲಿ ಪೂರ್ಣಾವಧಿ ಎಂದರೆ 1,700 ಗಂಟೆ, ಎಂಟು ಗಂಟೆಯ ದಿನದಂತೆ ಇನ್ನೂರ ಹನ್ನೆರಡು ದಿನ ಮೀರುತ್ತದೆ. ಆ ಗಂಟೆಗಳನ್ನು ಮನೆ ಕಟ್ಟಲು ಬಳಸುವ ಸಂಸ್ಥೆಗಳಲ್ಲಿ ಮುಖ್ಯವಾದದ್ದು 1976ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ. ಅದು 1983ರಲ್ಲೇ ಭಾರತಕ್ಕೂ ಬಂತು. 2006ರಲ್ಲಿ ಲೋನಾವಳದ ಹತ್ತಿರದ ಮಳವಲಿಯಲ್ಲಿ ನೂರು ಮನೆಗಳ ಕೆಲಸಕ್ಕೆ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವತಃ ನಿಂತಿದ್ದರು. ನಮ್ಮಲ್ಲಿ ಮಾಜಿಗಳು ಬರುವುದು ಉದ್ಘಾಟನೆಗೆ. ಇದು ದೇಶಾಚಾರ, ಟೀಕೆಯಲ್ಲ.

ಆದರೆ ಈ ಮೂರೂ ವರ್ಷಗಳನ್ನು ಆಳುವುದು ನಾಲ್ಕನೆಯದು, ಮಳೆವರ್ಷ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಊರಿನಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವಾಗ, ಪಂಚಾಂಗ ತೋಡಿದರೆ ಅದು ಕೆರೆ. (ತಳಪಾಯಕ್ಕೆ ಪಂಚಾಂಗ ಎನ್ನುವ ಊರು ನಮ್ಮದು; ಹಲ್ಲಿಯ ಪಂಚಾಂಗ ಬೇರೆ.) ಹಾಗಾಗಿ ಕೆಲಸದ ವರ್ಷ ದೀಪಾವಳಿಗೆ ಹುಟ್ಟಿ ಮೇ ಕೊನೆಯ ಪತ್ತನಾಜೆಗೆ ಸಾಯುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುವುದೂ ಬಿಚ್ಚುವುದೂ ಸರಿಸುಮಾರು ಇದೇ ಅವಧಿಯಲ್ಲಿ. ಇದರಿಂದ ಹುಟ್ಟಿದ ಉಪಜಾತಿಗೆ ಅರ್ಧನಿಮೀಲಿತ ಎಂದು ಹೆಸರು. ರಾತ್ರಿಯಿಡೀ ಮಾರಣಕಟ್ಟೆ ಮೇಳದ ಆಟ ನೋಡಿ, ಬೆಳಿಗ್ಗೆ ಒಂಬತ್ತಕ್ಕೆ ಕಲ್ಲು ಹೊರಲು ಬಂದು, ಒಂಬತ್ತೂವರೆಗೆ ಅದೇ ಕಲ್ಲಿನ ರಾಶಿಗೆ ಒರಗಿ ನಿದ್ದೆ ಹೋಗುವವನು. ಕಾಲಮಿತಿ ಯಕ್ಷಗಾನದಿಂದ ಕಲೆಗಾದ ನಷ್ಟದ ಬಗ್ಗೆ ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ಶ್ರಮದಾನಕ್ಕಾದ ಲಾಭವನ್ನು ಯಾರೂ ಬರೆದಿಲ್ಲ.

ದ್ರವ್ಯ ಪ್ರಕರಣ

ದ್ರವ್ಯದಲ್ಲಿ ಪ್ರಧಾನವಾದದ್ದು ಕೆಂಪುಕಲ್ಲು, ನಮ್ಮವರ ಬಾಯಲ್ಲಿ ಮುರಕಲ್ಲು. 1801ರಲ್ಲಿ ಈ ಕರಾವಳಿಯಲ್ಲೇ ಹಾದುಹೋದ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರಂ ಬಳಿ ಕಂಡ ಇದೇ ಕಲ್ಲಿಗೆ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ನಾಮಕರಣ ಮಾಡಿದ. ನೆಲದೊಳಗೆ ಇರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಈ ಗುಣ ಸ್ವಯಂಸೇವಕರಲ್ಲೂ ಕೆಲವರಿಗೆ ಉಂಟು, ಕೆಲವರಿಗೆ ತಿರುಗುಮುರುಗು. ಕಲ್ಲೊಂದರ ತೂಕ 30 ಕಿಲೋ ಆಸುಪಾಸು. ಒದ್ದೆಯಾದರೆ ಇನ್ನೂ ಹೆಚ್ಚು, ಮಧ್ಯಾಹ್ನ ಹನ್ನೆರಡರ ಮೇಲೆ ಲೆಕ್ಕಕ್ಕೆ ಸಿಗದಷ್ಟು.

ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿದ್ಯೆಯನ್ನು ಬಯಲುಸೀಮೆಗೆ ಕೊಟ್ಟಿತು. ಇಲ್ಲಿ ಭೂಮಿತಾಯಿ ಇಟ್ಟಿಗೆಯನ್ನು ಮೊದಲೇ ಒತ್ತಿ ಇಟ್ಟಿರುವುದರಿಂದ ಆ ಯಂತ್ರಕ್ಕೆ ಕೆಲಸ ಕಡಿಮೆ. ಮಾಡಿಗೆ ಹಂಚು: 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕುಂದಾಪುರದ ಹೊಳೆಬದಿಯಲ್ಲೂ ಹಂಚಿನ ಚಿಮಣಿಗಳು ಎದ್ದವು. ಪಕ್ಕಾಸು, ರೀಪು ಹಾಕಿ ಹಂಚು ಹೊದಿಸುವ ಕೆಲಸಕ್ಕೆ ಈಗ ಸ್ಲ್ಯಾಬು, ಶೀಟು ಪೈಪೋಟಿ. ಮರಳಿನ ವಿಷಯ ಕೇಳಬೇಡಿ. ಕಡಲು, ಐದು ಹೊಳೆ, ಅಳಿವೆ ಎಲ್ಲ ಇಟ್ಟುಕೊಂಡು ಮರಳಿಗೆ ಪರದಾಡುವ ಊರಿನ ಬಗ್ಗೆ ಶಾಸ್ತ್ರಕಾರ ಮೌನ ವಹಿಸುತ್ತಾನೆ.

ಜಾತಿ ಪ್ರಕರಣ

ಶ್ರಮದಾನಿಗಳನ್ನು ವಯಸ್ಸು, ಊರು, ಟೀಶರ್ಟಿನ ಬಣ್ಣಗಳಿಂದ ವಿಂಗಡಿಸಿದ ಪೂರ್ವಾಚಾರ್ಯರು ದಾರಿ ತಪ್ಪಿದರು. ಭೇದಕ ಲಕ್ಷಣ ಒಂದೇ: ಇವನು ಏನನ್ನು ಹೊರುತ್ತಾನೆ?

ಏನನ್ನೂ ಹೊರದವನು ವಾಗ್ವಾಹಿ. ಇವನಲ್ಲಿ ವಾಸ್ತುಪಂಡಿತ ಒಂದು ಕವಲು. ಪ್ರಧಾನ ಮಂತ್ರಿ ಆವಾಸ್ ಯೋಜನೆ, ಗ್ರಾಮೀಣದಲ್ಲಿ ಮನೆಯ ಕನಿಷ್ಠ ಅಳತೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್. ಅಷ್ಟರಲ್ಲಿ ಆಗ್ನೇಯ, ಈಶಾನ್ಯ, ನೈಋತ್ಯ ಎಂದು ಬೆರಳು ತೋರಿಸುತ್ತ ತಿರುಗಿದರೆ ಬೆರಳು ಪಕ್ಕದ ಮನೆಯ ಬಾವಿಗೆ ತಾಗುತ್ತದೆ. ಇನ್ನೊಂದು ಕವಲು ಶಿಲಾನ್ಯಾಸಪ್ರಿಯ. ಮೊದಲ ಕಲ್ಲು ಮತ್ತು ಕೀಲಿಕೈ, ಇವೆರಡರ ನಡುವೆ ಮನೆ ಬೆಳೆಯುವುದು ಅವನ ಅರಿವಿಗೆ ಬಾರದ ಸೃಷ್ಟಿರಹಸ್ಯ. ಇವರನ್ನು ಇಲ್ಲಿಗೆ ಬಿಡೋಣ.

ಶಿಲಾವಾಹಿಯನ್ನು ಬಿಡಲಾಗದು. ಅವನನ್ನು ಅರಿಯಬೇಕಾದರೆ ಟೆಂಪೋ ನಿಲ್ಲುವ ಜಾಗಕ್ಕೇ ಹೋಗಬೇಕು. ಬಡವರ ಐದು ಸೆಂಟ್ಸ್ ಜಾಗ ರಸ್ತೆಬದಿಯಲ್ಲಿ ಇರುವುದು ಅಪರೂಪ. ರಸ್ತೆಬದಿಯಲ್ಲಿದ್ದರೆ ಅದು ಬಡವರ ಕೈಯಲ್ಲಿ ಎಷ್ಟು ದಿನ ಉಳಿದೀತು? ಡಾಂಬರು ಮುಗಿದು, ಪಂಚಾಯತಿಯ ಕಾಂಕ್ರೀಟು ರಸ್ತೆ ಮುಗಿದು, ಕೆಂಪು ಮಣ್ಣಿನ ಓಣಿ ಶುರುವಾಗುವಲ್ಲಿ ಡ್ರೈವರು ಇಳಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ‘ಇನ್ನ್ ಮುಂದ್ ಆತಿಲ್ಲೆ ಮಾರಾಯ್ರೆ’ ಎಂದು ಕಲ್ಲನ್ನು ಅಲ್ಲೇ ಸುರಿಯುತ್ತಾನೆ. ಅಲ್ಲಿಂದ ಮುಂದೆ ಗದ್ದೆಯ ಅಂಚು, ತೋಡಿಗೆ ಹಾಕಿದ ಅಡಿಕೆ ಮರದ ಸಂಕ, ಆಚೆ ಗೇರುಮರಗಳ ನಡುವಿನ ಏರು. ಬಜೆಟ್ಟಿನಲ್ಲಿ ಈ ದಾರಿಗೆ ಕಾಲಂ ಇಲ್ಲ. ಮನೆಯ ಖರ್ಚು ಕೈಮೀರುವುದೂ, ಕೂಲಿಯಾಳು ‘ನಾಳೆ ಕಾಂಬ’ ಎನ್ನುವುದೂ ಇಲ್ಲೇ. ಇಪ್ಪತ್ತು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರೆ ಮಾತ್ರ ಆ ರಾಶಿ ಜಾಗ ಬದಲಿಸುತ್ತದೆ.

ಆ ಸಾಲಿನಲ್ಲೂ ಜಾತಿಭೇದವಿದೆ. ಸಂಕದ ಮೇಲೆ ನಿಲ್ಲುವವನು ಉತ್ತಮ: ಅವನು ಎರಡೂ ಪಾದಗಳನ್ನು ಅಲುಗಿಸದೆ ಸೊಂಟವೊಂದನ್ನೇ ತಿರುಗಿಸಬೇಕು. ಅವನ ಹಿಂದೆ ನಿಂತವನು ಆತುರಗಾರನಾದರೆ ಒಂದು ಕಲ್ಲು ತೋಡಿಗೆ, ಅದರ ಹಿಂದೆಯೇ ಎರಡು ಚಪ್ಪಲಿ. ಏರಿನಲ್ಲಿ ನಿಲ್ಲುವವನು ಮಧ್ಯಮ. ಅವನ ಅಂಗೈ ಮೊದಲ ಗಂಟೆಯಲ್ಲೇ ಮುರಕಲ್ಲಿನ ಒರಟಿಗೆ ಸುಲಿದು ಕೆಂಪಾಗಿ, ಅದು ಕಲ್ಲಿನ ಬಣ್ಣವೋ ತನ್ನದೋ ಎಂಬ ಸಂಶಯ ಹುಟ್ಟುತ್ತದೆ. ಗೇರುಮರದ ನೆರಳಿಗೆ ಸರಿಯಾಗಿ ನಿಲ್ಲುವವನು ಅಧಮನೆಂದು ಕೆಲವರು ಹೇಳುತ್ತಾರೆ. ಆದರೆ ಅವನು ಸಾಮಾನ್ಯವಾಗಿ ಅನುಭವಿ. ಸಾಲಿನ ಕೊನೆಯಲ್ಲಿ ಮೇಸ್ತ್ರಿ. ಅವನು ಬಂದ ಕಲ್ಲನ್ನು ಕರಣೆಯ ಹಿಡಿಯಿಂದ ತಟ್ಟಿ, ಸದ್ದು ಕೇಳಿ, ಒಡಕಿದ್ದರೆ ಬದಿಗಿಡುತ್ತಾನೆ. ಇಪ್ಪತ್ತು ಜನ ಪಿಯುಸಿ, ಬಿಕಾಂ, ಬಿಇಗಳು ಬೆವರಿಳಿಸಿ ದಾಟಿಸಿದ ಕಲ್ಲನ್ನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಒಂದೇ ತಟ್ಟಿಗೆ ಫೇಲು ಮಾಡುವ ಆ ಕ್ಷಣ, ಶಿಬಿರದ ಎಲ್ಲ ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತದೆ ಎಂದು ಈ ಶಾಸ್ತ್ರಕಾರನ ಮತ.

ಮೂರನೆಯವನು ಪತ್ರವಾಹಿ. ಕಲ್ಲಿಗಿಂತ ಭಾರದ್ದನ್ನು ಹೊರುವವನು. ಪ್ಲಾಸ್ಟಿಕ್ ಫೈಲು, ಎರಡು ಪೆನ್ನು, ಯಾವಾಗಲೂ ಒಂದು ಹೆಚ್ಚುವರಿ ಆಧಾರ್ ಜೆರಾಕ್ಸ್. ಇವನ ಕ್ಷೇತ್ರ ಟೆಂಪೋ ನಿಲ್ಲುವ ಜಾಗಕ್ಕಿಂತಲೂ ಹಿಂದೆ, ಪಂಚಾಯತಿ ಕಟ್ಟೆಯಿಂದ ತಾಲೂಕು ಕಚೇರಿಯವರೆಗೆ. ಮನೆಗೆ ಅನುದಾನ ಬೇಕಾದರೆ ಜಾಗಕ್ಕೆ ನಮೂನೆ 9 ಮತ್ತು 11 ಬೇಕು. ಇವುಗಳನ್ನು ಊರಿನವರು ‘ನೈನ್ ಇಲೆವೆನ್’ ಎನ್ನುತ್ತಾರೆ, ನ್ಯೂಯಾರ್ಕಿನವರಿಗಿಂತ ಹೆಚ್ಚು ದುಃಖದಿಂದ. ನೈನ್ ಇಲೆವೆನ್‌ಗೆ ಹಕ್ಕುಪತ್ರ ಬೇಕು. ಸರ್ಕಾರಿ ಜಾಗದಲ್ಲಿ ಕುಳಿತವರಿಗೆ ಹಕ್ಕುಪತ್ರ ಬರುವುದು ಭೂಕಂದಾಯ ಕಾಯ್ದೆಯ 94ಸಿ ಕಲಂ ಪ್ರಕಾರ. ಆ ಕಲಂ ಸಕ್ರಮ ಮಾಡುವುದು ಆಗಲೇ ಕಟ್ಟಿಕೊಂಡ ಮನೆಯನ್ನು. ಮನೆ ಕಟ್ಟಲು ಹಕ್ಕುಪತ್ರ, ಹಕ್ಕುಪತ್ರಕ್ಕೆ ಕಟ್ಟಿದ ಮನೆ. ತಾರ್ಕಿಕರು ಇದನ್ನು ಬೀಜವೃಕ್ಷ ನ್ಯಾಯ ಎನ್ನುತ್ತಾರೆ. ಕಚೇರಿಯಲ್ಲಿ ‘ಬರುವ ವಾರ ಬನ್ನಿ’ ಎನ್ನುತ್ತಾರೆ. ಗುಡಿಸಲು ಇದ್ದವನು ಗುಡಿಸಲನ್ನೇ ಮನೆಯೆಂದು ತೋರಿಸಿ ಪಾರಾಗುತ್ತಾನೆ. ಆ ಜಾಗ ಡೀಮ್ಡ್ ಫಾರೆಸ್ಟಿನ ಪಟ್ಟಿಯಲ್ಲಿದ್ದರೆ ಪಾರಾಗುವುದಿಲ್ಲ. ಒಂದೇ ಒಂದು ಮರವಿಲ್ಲದ ಮುರಕಲ್ಲು ಪಾದೆಯೂ ಕಾಗದದಲ್ಲಿ ಅರಣ್ಯವಾಗಿರಬಹುದೆಂಬುದು ಪತ್ರವಾಹಿಗೆ ಮೊದಲು ಸಿಗುವ ಅದ್ವೈತ ಪಾಠ.

ಮಂಜೂರಾತಿ ಬಂದ ಮೇಲೂ ಇವನಿಗೆ ಬಿಡುಗಡೆಯಿಲ್ಲ. ಆವಾಸ್ ಯೋಜನೆಯ 1.20 ಲಕ್ಷ ಒಮ್ಮೆಗೇ ಕೈಗೆ ಬರುವುದಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಜಿಪಿಎಸ್ ಫೋಟೋ ತೆಗೆದು ಏರಿಸಬೇಕು. ಫೋಟೋದಲ್ಲಿ ಫಲಾನುಭವಿ ನಿಂತಿರಬೇಕು. ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಎಪ್ಪತ್ತು ದಾಟಿದ ಅಜ್ಜಿ ಲಿಂಟಲ್ ಕೆಳಗೆ ಸೆರಗು ಸರಿಮಾಡಿಕೊಂಡು ನಿಂತಿರುತ್ತಾಳೆ. ಪಂಚಾಯತಿಯವರ ಮೊಬೈಲು ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಯೋಚಿಸುತ್ತಿರುತ್ತದೆ. ಹಣ ಬರುವುದು ಕೆಲಸ ಆದ ಮೇಲೆ, ಸಿಮೆಂಟು ಬೇಕಾಗುವುದು ಕೆಲಸಕ್ಕೆ ಮೊದಲು. ಆ ನಡುವಿನ ತಿಂಗಳುಗಳಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಸಾಲಕ್ಕೆ ಸಿಮೆಂಟು ಕೊಡುವ ಅಂಗಡಿಯವನು ಶ್ರಮದಾನಿಯೋ ವ್ಯಾಪಾರಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಂಗಡಿಯವನ ಹೆಂಡತಿಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ.

2023ರ ನವೆಂಬರಿನಲ್ಲಿ ಬಂದ ಪಿಎಂ ಜನ್‌ಮನ್ ಯೋಜನೆಯಲ್ಲಿ ಈ ಮೊತ್ತ 2 ಲಕ್ಷ. ಕರ್ನಾಟಕದಲ್ಲಿ ಅದು ಸಲ್ಲುವುದು ಜೇನುಕುರುಬರಿಗೆ ಮತ್ತು ನಮ್ಮ ಕೊರಗರಿಗೆ. ಊರಿಗೆಲ್ಲ ಬುಟ್ಟಿ ಹೆಣೆದುಕೊಟ್ಟು ಊರಾಚೆ ಬದುಕಿದವರ ಕೊಪ್ಪಗಳಿಗೆ ದಾರಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಟೆಂಪೋ ಅಲ್ಲಿ ಇನ್ನೂ ದೂರದಲ್ಲಿ ನಿಲ್ಲುತ್ತದೆ.

ಪತ್ರವಾಹಿಯ ದೊಡ್ಡಣ್ಣನೊಬ್ಬನಿದ್ದಾನೆ: ಮನೆ ನೋಡಲು ಹೋಗುವವನು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ, ಹೆಸರು ಹೇಳುವಂತೆ ಆಟದವರಿಗಾಗಿ ಇದ್ದ ಸಂಸ್ಥೆ. 2005ರಲ್ಲಿ ಅದು ಬಡ ಪ್ರತಿಭಾವಂತ ಮಕ್ಕಳ ಓದಿಗಾಗಿ ವಿದ್ಯಾಪೋಷಕ್ ಶುರುಮಾಡಿತು. ಅರ್ಜಿ ಹಾಕಿದ ಮಕ್ಕಳ ಮನೆಗೇ ಕಾರ್ಯಕರ್ತರು ಹೋಗಿ ನೋಡಿಬರುವುದು ಅಲ್ಲಿನ ಪದ್ಧತಿ. ಅಂಕಪಟ್ಟಿ ನೋಡಲು ಹೋದವರಿಗೆ ಕಂಡದ್ದು ಮಾಡು: ಟಾರ್ಪಾಲು, ಅದಕ್ಕೆ ಒತ್ತಿಟ್ಟ ಮಡಲು, ಗೋಡೆಯೆಂದು ಹೇಳಬಹುದಾದ ಕಡೆ ಹಳೆ ಸೀರೆ. ಶೇಕಡಾ ತೊಂಬತ್ತೈದು ತೆಗೆದ ಹುಡುಗಿ ಪುಸ್ತಕ ಇಡುವುದೆಲ್ಲಿ? ಹೀಗೆ ವಿದ್ಯಾರ್ಥಿವೇತನ ಕೊಡಲು ಹೊರಟವರು ದಾನಿಗಳನ್ನು ಹುಡುಕಿ ಮನೆ ಕಟ್ಟಿಸತೊಡಗಿದರು. ಈ ಮೂರು ತಾಲೂಕುಗಳ ಒಳದಾರಿಗಳಲ್ಲಿ ದಾನಿಗಳ ತಂದೆತಾಯಿಯ ಹೆಸರಿನ ಫಲಕವುಳ್ಳ ಪುಟ್ಟ ಮನೆ ಕಂಡರೆ, ಆ ಮನೆಯ ಮೊದಲ ಕಲ್ಲು ಒಂದು ಅಂಕಪಟ್ಟಿ ಎಂದು ತಿಳಿಯಬಹುದು. ಮನೆ ಕಟ್ಟುವ ಸೇವೆ ಕಣ್ಣಿನಿಂದ ಶುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣ ಶಾಸ್ತ್ರಕಾರನ ಬಳಿ ಇಲ್ಲ.

ಧನವಾಹಿ ಮುಂಬೈ, ಬೆಂಗಳೂರು, ದುಬೈಗಳಲ್ಲಿ ವಾಸಿಸುವ ಜಾತಿ. ಹೋಟೆಲಿನ ಗಲ್ಲಾದಲ್ಲಿ ಕುಳಿತು ಮೊಬೈಲಿನಲ್ಲಿ ಊರಿನ ಲಿಂಟಲ್ ನೋಡುತ್ತದೆ. ವರ್ಷಕ್ಕೊಮ್ಮೆ ಕೋಲಕ್ಕೋ ಹಬ್ಬಕ್ಕೋ ಬಂದಾಗ ಮನೆಯ ಮುಂದೆ ನಿಂತು, ತಾನು ಹುಟ್ಟಿದ ಸೋಗೆ ಮನೆಯ ಕಥೆ ಹೇಳುತ್ತದೆ. ಹೇಳಲಿ, ಕೊಟ್ಟವರಿಗೆ ಅಷ್ಟು ಹಕ್ಕಿದೆ.

ಇನ್ನು ಯಾರ ಹಾಜರಿ ಪುಸ್ತಕದಲ್ಲೂ ಇಲ್ಲದ ಜಾತಿ: ಜಲವಾಹಿ. ಕಾಂಕ್ರೀಟಿಗೆ ಕನಿಷ್ಠ ಏಳರಿಂದ ಹತ್ತು ದಿನ ನೀರು ಬಿಡಬೇಕು. ಗೋಡೆಗೂ ಬೇಕು. ಇದು ಮಾರ್ಚ್-ಏಪ್ರಿಲಿನ ಕೆಲಸ, ಆಗ ಪಾದೆಯ ಮೇಲಿನ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ, ಓರೆಯಾಗಿ ಎಳೆಯಬೇಕು. ಶ್ರಮದಾನಿಗಳು ಭಾನುವಾರ ಸಂಜೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ತಗ್ಗಿನ ಬಾವಿಯಿಂದ ಕೊಡ ಹೊತ್ತು ಗೋಡೆ ತೋಯಿಸುವವಳು ಆ ಮನೆಯ ಹೆಂಗಸು. ಸರ್ಕಾರಕ್ಕೆ ಇದು ಅರ್ಧ ಅರ್ಥವಾಗಿತ್ತು: ಆವಾಸ್ ಮನೆಗೆ ನರೇಗಾದಡಿ 90 ಮಾನವ ದಿನಗಳ ಕೂಲಿ ಸೇರಿಸಿತ್ತು. 2025–26ರ 370 ರೂಪಾಯಿ ದರದಲ್ಲಿ ಅದು 33,300 ರೂಪಾಯಿ. ಆದರೆ ಬಾವಿಗೂ ಗೋಡೆಗೂ ನಡುವಿನ ಏರನ್ನು ಯಾವ ಎಂಜಿನಿಯರೂ ಅಳತೆ ಪುಸ್ತಕದಲ್ಲಿ ಬರೆದಿಲ್ಲ. ಶ್ರಮದಾನಿಗಳಿಗೆ ಮಧ್ಯಾಹ್ನದ ಗಂಜಿ, ಸೆಟ್ಲಿ ಚಟ್ನಿ, ನಾಲ್ಕಕ್ಕೆ ಬೆಲ್ಲ-ನೀರು ಕೊಡುವವಳೂ ಅವಳೇ. ದಾನ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ಆ ಹೊತ್ತಿಗೆ ಲೆಕ್ಕ ಹಾಕಲು ಹೊರಟರೆ ಗಂಜಿ ಆರುತ್ತದೆ.

ಪೂರ್ವಪಕ್ಷ

ಇಲ್ಲಿ ಒಬ್ಬ ಆಕ್ಷೇಪಕ ಏಳುತ್ತಾನೆ. ಈ ಹುಡುಗರ ಬಸ್ಸಿನ ಖರ್ಚು, ಊಟದ ಖರ್ಚು, ಬ್ಯಾನರಿನ ಖರ್ಚು ಕೂಡಿಸಿ ಎರಡು ಗಟ್ಟಿ ಆಳುಗಳನ್ನು ಇಟ್ಟಿದ್ದರೆ ಕೆಲಸ ಬೇಗ ಮುಗಿಯುತ್ತಿರಲಿಲ್ಲವೇ? ಮುಗಿಯುತ್ತಿತ್ತು. ಗೋಡೆ ಕಟ್ಟುವ ಕೆಲಸಕ್ಕೆ ಶ್ರಮದಾನಿ ಕೈಹಾಕಬಾರದು ಎಂಬುದೇ ಈ ಶಾಸ್ತ್ರದ ಮತವೂ. ಅವನು ಇಟ್ಟ ಕಲ್ಲನ್ನು ಮೇಸ್ತ್ರಿ ಸಂಜೆ ತೆಗೆದು ಮತ್ತೆ ಇಡುತ್ತಾನೆ, ಯಾರಿಗೂ ಹೇಳುವುದಿಲ್ಲ. ಆದರೆ ದುಡ್ಡಿಗೆ ಸಿಗುವ ಆಳು ಟೆಂಪೋದ ಜೊತೆಗೇ ನಿಲ್ಲುತ್ತಾನೆ. ಅಲ್ಲಿಂದ ಮುಂದಿನ ಓಣಿ, ಹಿಂದಿನ ಕಚೇರಿ, ಇವೆರಡೇ ಶ್ರಮದಾನಿಯ ರಾಜ್ಯ. ಅದಕ್ಕೇ ವರ್ಷ ಬೇಕಾಗುವುದು. ಕಲ್ಲು ದಾಟಿಸಲು ಎರಡು ಭಾನುವಾರ ಸಾಕು. ಕಾಗದ ದಾಟಿಸಲು ಉಳಿದ ಐವತ್ತು ವಾರ.

ಶೇಷ ಪ್ರಕರಣ

ಒಂದು ಜಾತಿ ಉಳಿಯಿತು: ಮಳೆಪರೀಕ್ಷಕ. ಮನೆ ಒಕ್ಕಲಾಗಿ, ಫಲಕದ ಹೂವಿನ ಹಾರ ಒಣಗಿ, ಆಷಾಢದ ಮಳೆ ಹಿಡಿದ ಮೇಲೆ, ಯಾರೂ ಕರೆಯದೆ ಕೊಡೆ ಹಿಡಿದು ಬರುವವನು. ಬಹಳ ಅಪರೂಪ, ಹತ್ತು ಶಿಬಿರಕ್ಕೆ ಒಬ್ಬ ಸಿಕ್ಕರೆ ಪುಣ್ಯ. ಧರ್ಮಸ್ಥಳ ಯೋಜನೆಯವರ ‘ಶೌರ್ಯ’ ವಿಪತ್ತು ನಿರ್ವಹಣಾ ತಂಡ ಊರಿನಲ್ಲಿದ್ದರೆ ಅದರಲ್ಲಿ ಒಬ್ಬಿಬ್ಬರು ಈ ಕುಲದವರು ಇರುತ್ತಾರೆ. ಒಳಗೆ ಬಂದು ಕುಶಲ ಕೇಳುವುದಕ್ಕಿಂತ ಮೊದಲು ತಲೆಯೆತ್ತಿ ಸ್ಲ್ಯಾಬಿನ ಮೂಲೆ ನೋಡುತ್ತಾನೆ, ಕಿಟಕಿಯ ಕೆಳಗೆ ಅಂಗೈಯಿಟ್ಟು ಥಂಡಿ ನೋಡುತ್ತಾನೆ, ಹಿಂಬದಿಗೆ ಹೋಗಿ ನೀರು ಪಂಚಾಂಗದ ಕಡೆಗೆ ಇಳಿಯುತ್ತಿದೆಯೋ ತೋಡಿನ ಕಡೆಗೋ ಎಂದು ಕಾಲಿನಲ್ಲೇ ಒಂದು ಗೆರೆ ಎಳೆದು ದಾರಿ ಬಿಡಿಸುತ್ತಾನೆ. ಈ ಸಲವೂ ಹಾಗೆ ಬಂದವನೊಬ್ಬ ಎಲ್ಲ ನೋಡಿ, ಸೋರಿಕೆಯಿಲ್ಲವೆಂದು ಖಾತ್ರಿಯಾಗಿ, ಕೊಡೆ ಬಿಡಿಸುವಷ್ಟರಲ್ಲಿ ಮನೆಯೊಡತಿ ಜಗಲಿಗೆ ಬಂದಳು.

‘ಹ್ವಾಯ್, ಚಾ ಕುಡ್ಕಂಡ್ ಹೋಯ್ನಿ. ಮತ್ತೆ ದೀಪಾವಳಿ ಕಳ್ದ್ ಮೇಲ್ ಒಂಚೂರ್ ಬನ್ನಿ ಅಕಾ. ದನಿನ ಹಟ್ಟಿ ಒಂದ್ ಕಟ್ಟುಕಿತ್ತ್.’